ನಲವತ್ತು ತಟ್ಟಿಯ ದಡ್ಡಿ

“ಅಜ್ಜಾರ, ನಮ್ಮಣ್ಣನ ಮಗಳಿಗೆ ಎಷ್ಟು ಕಟ್ಟುಪಾಡು ಅದಾವೋ ನನ್ನ ಮಗಳಿಗೂ ಅಷ್ಟ ಇಟ್ಟೀನಿ. ಒಂದೂ ಹೆಚ್ಚಿಗಿ ಇಲ್ಲ. ಆ ಹುಡುಗಿ ನಕ್ಕೋತ ಮನ್ಯಾಗ ಅದಾಳ. ನನ್ನ ಮಗಳು ಯಾಕ ಮನಿ ಬಿಟ್ಟು ಹೋದ್ಲು?”

ಹೀಗೆ ಕೇಳಿದವನು ಸಂಗನಬಸವ. ಗೌಂಡಿ ಕೆಲಸದವನು, ಪಾಯ ತೆಗೆದು ಗೋಡೆ ಎಬ್ಬಿಸುವುದು ಅವನ ಕಸುಬು. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು. ಊರಿನವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಮಗಳು ನಾಗವೇಣಿ ಸೋದರಮಾವನ ಮನೆಗೆ ಹೋಗಿ ಕೂತಿದ್ದಳು. ಕರೆಯಲು ಹೋದ ತಂದೆಗೆ ಬಾಗಿಲಲ್ಲೇ ನಿಂತು, “ಅಲ್ಲಿ ನನಗ ಉಸುರು ಕಟ್ಟತದ, ನಾ ಬರಂಗಿಲ್ಲ” ಎಂದುಬಿಟ್ಟಿದ್ದಳು. ತಾಯಿಯಿಲ್ಲದ ಒಬ್ಬಳೇ ಮಗಳು. ಅವಳು ಬರದಿದ್ದರೆ ಸಂಗನಬಸವನ ಮನೆಯಲ್ಲಿ ಇನ್ನು ಯಾರೂ ಇಲ್ಲ.

“ಏನೇನು ಕಟ್ಟುಪಾಡು ಇಟ್ಟಿದ್ದಿ?” ಎಂದರು ಅಜ್ಜಾರು.

“ಹೊತ್ತು ಮುಳುಗೂದ್ರೊಳಗ ಮನಿ ಸೇರಬೇಕು. ಹೇಳದ ಎಲ್ಲೂ ಹೋಗಬಾರದು. ಇಷ್ಟ. ಅಣ್ಣನ ಮನ್ಯಾಗೂ ಇವ ಅದಾವ. ಹೊಲಿಗಿ ಕಲಿಯಾಕ ಹೋಗ್ತೀನಿ ಅಂದ್ಲು, ಹೋಗು ಅಂದೆ. ಗೆಳತಿ ಮನಿಗೆ ಹೋಗ್ತೀನಿ ಅಂದ್ಲು, ಹೋಗು ಅಂದೆ. ಬ್ಯಾಡ ಅಂತ ಒಂದಿನಾನೂ ಅಂದಿಲ್ಲ. ಕಣ್ಣಳತ್ಯಾಗ ಇರ್ಲಿ ಅಂತ ನಾನೂ ಹಿಂದ ಹೋಗಿ ಹೊರಗ ಕಟ್ಟಿಮ್ಯಾಲೆ ಕೂಡತಿದ್ದೆ, ಅಷ್ಟ.”

ಅಜ್ಜಾರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೂತಲ್ಲೇ ಕತೆ ಶುರು ಮಾಡಿದರು.

ಒಬ್ಬ ಕುರಿಗಾರನಿದ್ದ. ಅವನಿಗೆ ಇನ್ನೂರು ಕುರಿ, ನಲವತ್ತು ಬಿದಿರಿನ ತಟ್ಟಿ. ಒಂದೊಂದು ತಟ್ಟಿಯೂ ಒಂದು ಮಾರು ಉದ್ದ. ಸಂಜೆಯಾದರೆ ಯಾರದಾದರೂ ಹೊಲದಲ್ಲಿ ತಟ್ಟಿಗಳನ್ನು ಸುತ್ತಲೂ ನಿಲ್ಲಿಸಿ ದಡ್ಡಿ ಕಟ್ಟುವನು. ಕುರಿಗಳು ಅದರೊಳಗೆ ಮಲಗುವವು. ಬೆಳಗಾದರೆ ದಡ್ಡಿ ಬಿಚ್ಚಿ ಮುಂದಿನ ಹೊಲಕ್ಕೆ ನಡೆಯುವನು. ಹೊಲದವನಿಗೆ ಗೊಬ್ಬರ, ಇವನಿಗೆ ಜೋಳ, ಇಬ್ಬರಿಗೂ ಸುಖ. ಪಕ್ಕದ ಹೊಲದಲ್ಲಿ ಇನ್ನೊಬ್ಬ ಕುರಿಗಾರನಿದ್ದ. ಅವನಿಗೂ ಇನ್ನೂರೇ ಕುರಿ, ನಲವತ್ತೇ ತಟ್ಟಿ.

ಆ ಸೀಮೆಯಲ್ಲಿ ತೋಳ ಕಾಣಿಸಿತು ಎಂಬ ಸುದ್ದಿ ಬಂತು. ಪಕ್ಕದವನು ನಾಯಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿ ಸುಮ್ಮನಾದ. ಇವನಿಗೆ ಅನ್ನ ಇಳಿಯಲಿಲ್ಲ. ಕುರಿಗಳೆಂದರೆ ಅವನಿಗೆ ಪ್ರಾಣ; ಎಳೆಯ ಮರಿಗಳನ್ನು ಹೆಗಲ ಮೇಲೆ ಹೊತ್ತು ತಿರುಗುವವನು. ದಡ್ಡಿ ಹತ್ತು ಮಾರು ಉದ್ದ, ಹತ್ತು ಮಾರು ಅಗಲ ಇತ್ತು. ನಡುವೆ ಮಲಗಿದ ಮರಿ ತನ್ನ ಕೋಲಿಗೆ ಎಟುಕುವುದಿಲ್ಲ ಎಂದು ಅವನು ಯೋಚಿಸಿದ. ಅಗಲವನ್ನು ಕಡಿಮೆ ಮಾಡಿದರೆ ಯಾವ ಮರಿಯೂ ಕೈಮೀರಿ ಹೋಗದು.

ಅಂದು ಸಂಜೆ ಅಗಲಕ್ಕೆ ಎರಡೆರಡೇ ತಟ್ಟಿ ನಿಲ್ಲಿಸಿದ. ಉಳಿದುವನ್ನು ಉದ್ದಕ್ಕೆ ಹಾಕಿದ. ದಡ್ಡಿ ಹದಿನೆಂಟು ಮಾರು ಉದ್ದವಾಯಿತು.

ಪಕ್ಕದವನು ಬಂದು ನೋಡಿದ. “ಇದೇನೋ, ದಡ್ಡಿ ಕಟ್ಟೀಯೋ, ಓಣಿ ಕಟ್ಟೀಯೋ?”

“ತಟ್ಟಿ ಎಣಿಸಿ ನೋಡು. ನಿಂದೂ ನಲವತ್ತು, ನಂದೂ ನಲವತ್ತು. ಒಂದು ಕಮ್ಮಿ ಇದ್ರ ಹೇಳು.”

ಎಣಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು. ಪಕ್ಕದವನು ತಲೆ ಕೆರೆದುಕೊಂಡು ತನ್ನ ದಡ್ಡಿಗೆ ಹೋದ. ಇವನು ಕುರಿಗಳನ್ನು ಒಳಗೆ ನೂಕಿದ. ಕುರಿಗಳು ಮಲಗಲಿಲ್ಲ, ನಿಂತೇ ಇದ್ದವು. ಅವನು ದಡ್ಡಿಯ ಹೊರಗಿನಿಂದಲೇ ಕೈ ಚಾಚಿ ಒಂದೊಂದು ಮರಿಯ ಬೆನ್ನನ್ನೂ ಕೋಲಿನಿಂದ ಮುಟ್ಟಿ ನೋಡಿದ. ಎಲ್ಲವೂ ಕೋಲಿಗೆ ಸಿಕ್ಕವು. ಎಷ್ಟೋ ದಿನಗಳ ಮೇಲೆ ಅವನಿಗೆ ಕಣ್ಣು ತುಂಬ ನಿದ್ದೆ ಬಂತು.

ಬೆಳಗ್ಗೆ ಎದ್ದು ಒಂದು ತಟ್ಟಿ ಬಿಚ್ಚಿದ. ಕುರಿಗಳು ಒಂದರ ಮೇಲೊಂದು ಬಿದ್ದು ಹೊರಗೆ ನುಗ್ಗಿದವು. ಒಳಗೆ ಮೂರು ಮರಿಗಳು ಉಳಿದವು. ಕಾಲುಗಳ ನಡುವೆ ಸಿಕ್ಕಿ ತುಳಿತಕ್ಕೆ ಸತ್ತಿದ್ದವು. ಸುತ್ತ ಎಲ್ಲಿಯೂ ತೋಳದ ಹೆಜ್ಜೆ ಇರಲಿಲ್ಲ. ಕುರಿಗಾರ ಹಣೆ ಹಣೆ ಬಡಿದುಕೊಂಡು ಅತ್ತ. ಅತ್ತು ಮುಗಿದ ಮೇಲೆ ಎದ್ದು ತಟ್ಟಿಗಳನ್ನು ಎಣಿಸಿದ. ಒಂದೂ ಕಡಿಮೆ ಇರಲಿಲ್ಲ, ಯಾವುದರ ಕಟ್ಟೂ ಸಡಿಲವಾಗಿರಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿ, “ಎಲ್ಲಿ ತಪ್ಪಿದ ಅಂವ?” ಎಂದು ಕೇಳಿದರು.

ಸಂಗನಬಸವ ಆಗಲೇ ಲೆಕ್ಕ ಹಾಕಿ ಮುಗಿಸಿದ್ದ. ಅಳತೆ ಎಂದರೆ ಅವನ ಮನಸ್ಸು ಸುಮ್ಮನಿರುವುದಿಲ್ಲ. ಮನೆ ಕಟ್ಟಿಸುವವರು ಬಂದು ಸುತ್ತಳತೆಯೊಂದನ್ನೇ ಹೇಳಿದರೆ, “ಉದ್ದ ಹೇಳ್ರಿ, ಇಲ್ಲಾ ಅಗಲ ಹೇಳ್ರಿ, ಬರೇ ಸುತ್ತು ಹೇಳಿದ್ರ ಏನು ಕಟ್ಟಲಿ?” ಎಂದು ಗದರಿಸುವವನು ಅವನು.

“ಇದು ಸಣ್ಣ ಲೆಕ್ಕರೀ ಅಜ್ಜಾರ. ಸುತ್ತು ನಲವತ್ತು ಅಂದ್ರ ಉದ್ದ ಅಗಲ ಕೂಡಿ ಇಪ್ಪತ್ತು. ಹತ್ತ ಹತ್ತಲೆ ನೂರು. ಹದಿನೆಂಟ ಎರಡಲೆ ಮೂವತ್ತಾರು. ಅಗಲ ಒಂದ ಮಾರು ಮಾಡಿದ್ರ ಉದ್ದ ಹತ್ತೊಂಬತ್ತು, ಜಾಗಾನೂ ಹತ್ತೊಂಬತ್ತ. ಅದಕ್ಕೂ ತಟ್ಟಿ ನಲವತ್ತ ಬೇಕು. ಎರಡು ಕುರಿ ಮಲಗೂ ಜಾಗಾದಾಗ ಅಂವ ಐದಾರು ಕುರಿ ತುಂಬ್ಯಾನ. ತಟ್ಟಿ ಎಣಿಸಿದ, ಒಳಗ ಜಾಗಾ ಎಷ್ಟು ಉಳೀತು ಅಂತ ನೋಡಲಿಲ್ಲ.”

ಹೇಳಿ ಮುಗಿಸುವ ಹೊತ್ತಿಗೆ ಅವನ ದನಿ ತಗ್ಗಿತ್ತು. ಹೊಲಿಗೆ ಕಲಿಸುವ ಮನೆಯಲ್ಲಿ ಹುಡುಗಿಯರು ಏನೋ ಮಾತಾಡಿ ನಗುತ್ತಿದ್ದುದು, ಕಟ್ಟೆಯ ಮೇಲೆ ಕೂತ ತಾನು ಕೆಮ್ಮಿದೊಡನೆ ಮಗಳ ನಗೆಯೊಂದು ಮಾತ್ರ ನಿಂತುಬಿಡುತ್ತಿದ್ದುದು ಅವನಿಗೆ ನೆನಪಾಯಿತು. ಕೆಮ್ಮು ತಾನಾಗಿ ಬಂದದ್ದಲ್ಲ, ನಾನಿಲ್ಲಿದ್ದೇನೆ ಎಂದು ತಿಳಿಸಲು ಕೆಮ್ಮಿದ್ದು ಎಂಬುದೂ ನೆನಪಾಯಿತು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಆದರೂ ಮನಸ್ಸು ಒಪ್ಪಲಿಲ್ಲ.

“ಅಂವ ಕೆಟ್ಟವ ಅಲ್ಲರೀ ಅಜ್ಜಾರ,” ಎಂದ. ಕಣ್ಣಲ್ಲಿ ನೀರು ತುಂಬಿತ್ತು. “ಮರಿಗೋಳ ಮ್ಯಾಲೆ ಜೀವಾ ಇಟ್ಕೊಂಡಿದ್ದ. ತೋಳಕ್ಕ ಅಂಜಿ ಹಂಗ ಮಾಡಿದ. ತೋಳ ಬಂದಿದ್ರ ಏನು ಗತಿ ಇತ್ತು?”

ಅಜ್ಜಾರು ಅವನ ಭುಜದ ಮೇಲೆ ಕೈಯಿಟ್ಟರು.

“ಬಂದಿದ್ರ ಒಂದು ಮರಿ ಒಯ್ತಿತ್ತು, ತಮ್ಮಾ.”