ಹನ್ನೆರಡಡಿ ಗೇಟು, ಆರಡಿ ಭಟ್ಟಿ

ಕಬ್ಬಿಣದ ಸಾಮಾನಿಗೆ ಪುಡಿಬಣ್ಣ ಊದಿ, ಭಟ್ಟಿಯಲ್ಲಿ ಬೇಯಿಸಿ ಕೊಡುವುದು ನೀಲವ್ವನ ಕಸುಬು. ಹಿತ್ತಲಲ್ಲೇ ಕಾರ್ಖಾನೆ. ಹಳೇ ಬೀರುವಿನಿಂದ ಮಾಡಿದ ಭಟ್ಟಿ ಆರಡಿ ಉದ್ದ. ಬಡಾವಣೆ ಸಂಘದ ಅಧ್ಯಕ್ಷ ಚನ್ನಮಲ್ಲಪ್ಪನವರು ಹೊರಿಸಿಕೊಂಡು ಬಂದ ಗೇಟು ಹನ್ನೆರಡಡಿ.

“ಎರಡು ತುಂಡು ಮಾಡಿ ಬೇಯಿಸಿ, ಆಮ್ಯಾಲೆ ಬೋಲ್ಟ್ ಹಾಕಿ ಜೋಡಿಸ್ತೀನ್ರಿ,” ಅಂದಳು ನೀಲವ್ವ.

“ನನ್ನ ಗೇಟಿಗೆ ಗರಗಸ? ಇಡಿಯಾಗೇ ಆಗಬೇಕು. ಇಲ್ಲಾಂದ್ರ ನಿನ್ನ ಕಾರ್ಖಾನೆ ಬಂದ್! ಕೆಲಸ ಮುಗಿಯೋತನಕ ನಾ ಗೇಟು ಬಿಡಂಗಿಲ್ಲ.”

“ಹಂಗಾರ ಗಟ್ಟಿ ಹಿಡೀರಿ, ಸಾಹೇಬ್ರ.”

ನೀಲವ್ವ ಪುಡಿ ಊದತೊಡಗಿದಳು. ಕರೆಂಟು ತುಂಬಿದ ಬಂಗಾರ ಬಣ್ಣದ ಪುಡಿ ಗೇಟಿಗೂ ಅಂಟಿತು, ಗೇಟು ಹಿಡಿದವರಿಗೂ ಅಂಟಿತು. ಅಧ್ಯಕ್ಷರ ಟೊಪ್ಪಿಗೆ, ಮೀಸೆ, ಚಪ್ಪಲಿ ಎಲ್ಲ ಫಳಫಳ.

ನೀಲವ್ವ ಭಟ್ಟಿಯ ಬಾಗಿಲು ತೆರೆದಳು.

“ಪುಡಿ ಹತ್ತಿದ್ದೆಲ್ಲಾ ಇನ್ನೂರು ಡಿಗ್ರಿಯೊಳಗ ಇಪ್ಪತ್ತು ನಿಮಿಷ ಬೇಯಬೇಕ್ರಿ. ಗೇಟು ಹಿಡಿಸಂಗಿಲ್ಲ. ನೀವು ಹಿಡಿಸ್ತೀರಿ. ಬರ್ರಿ.”

ಅಧ್ಯಕ್ಷರು ಒಳಗೆ ಕೆಂಪಗೆ ಕಾದ ಕಾಯಿಲ್ ನೋಡಿದರು. ಕೈ ತಾನಾಗೇ ಗೇಟು ಬಿಟ್ಟಿತು.

“ಕೊಯ್ಯವ್ವಾ, ತಾಯಿ! ಎರಡು ಮಾಡು, ನಾಕು ಮಾಡು!”

“ಇದನ್ನ ಮೊದಲ ಅಂದಿದ್ರ ಇಷ್ಟು ಪುಡಿ ಉಳೀತಿತ್ತಲ್ರಿ,” ಅನ್ನುತ್ತ ನೀಲವ್ವ ಗಾಳಿ ಪೈಪು ಹಿಡಿದು ಅಧ್ಯಕ್ಷರ ಮೈಮೇಲಿನ ಪುಡಿ ಹಾರಿಸತೊಡಗಿದಳು.