ಹೆಸರು ಹೇಳಿದ ಕಟ್ಟೆ

ಹೊಳೆಮುತ್ತಲದ ಅಗಸೆಬಾಗಿಲು ದಾಟಿದೊಡನೆ ಬಲಕ್ಕೆ ಒಂದು ಬೇವಿನ ಮರ, ಅದರ ಸುತ್ತ ಸೊಂಟದೆತ್ತರದ ಕಲ್ಲಿನ ಕಟ್ಟೆ. ಅಲ್ಲಿ ದೇವರಿಲ್ಲ, ಶಾಸನವಿಲ್ಲ. ಆದರೂ ಅದನ್ನು 'ಹೆಸರು ಹೇಳಿದ ಕಟ್ಟೆ' ಎನ್ನುತ್ತಾರೆ. ನಮ್ಮೂರು ಮೊದಲು ಕರಿದಿನ್ನಿ ಲೋಕಸಭಾ ಕ್ಷೇತ್ರದಲ್ಲಿತ್ತು. ಆರು ಚುನಾವಣೆ ಕಂಡ ಆ ಕ್ಷೇತ್ರವನ್ನು ಗಡಿ ತಿದ್ದುವವರು ಎರಡು ಹೋಳು ಮಾಡಿ ಅಕ್ಕಪಕ್ಕದವಕ್ಕೆ ಹಂಚಿಬಿಟ್ಟರು. ಅಲ್ಲಿಂದ ಆರಿಸಿ ದೆಹಲಿಗೆ ಹೋದವರು ಯಾರೆಂದು ಕೇಳಿದರೆ ನಮ್ಮ ಹಿರಿಯರು ತಲೆ ಕೆರೆದುಕೊಳ್ಳುತ್ತಾರೆ. ಕಟ್ಟೆಯ ಕಥೆ ಕೇಳಿದರೆ ಮಾತ್ರ ಚಹಾ ತರಿಸಿ ಕೂರುತ್ತಾರೆ.

ಹಿಂದೆ ಒಮ್ಮೆ, ಮೊಟ್ಟಮೊದಲ ಚುನಾವಣೆಯ ಮತದಾರರ ಪಟ್ಟಿ ಬರೆಯಲು ಶೇಷಗಿರಿರಾಯರೆಂಬ ಗುಮಾಸ್ತರು ಬಂದು ಈ ಕಟ್ಟೆಯ ಮೇಲೆ ಕುಳಿತರಂತೆ. ಗಂಡಸರದು ಸರಸರನೆ ಮುಗಿಯಿತು. ಹೆಂಗಸರು 'ಇಂಥವರ ಹೇಂತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿ ಸೆರಗೆಳೆದುಕೊಂಡು ಹೋದರು. ವಾರ ಕಳೆದು ರಾಯರು ತಿರುಗಿ ಬಂದರು. ಸ್ವಂತ ಹೆಸರು ಹೇಳದವರನ್ನು ಪಟ್ಟಿಯಿಂದ ಹೊಡೆದುಹಾಕಲು ಮೇಲಿನಿಂದ ಅಪ್ಪಣೆಯಾಗಿತ್ತು, ಅಂದೇ ಕಡೆಯ ದಿನ. ಓಟು ಹಾಕಿಯೇ ತೀರುವೆನೆಂದು ಹಟ ತೊಟ್ಟಿದ್ದ, ಕುರಿ ಸಾಕುವ ಮನೆಯ ಸೊಸೆಯೊಬ್ಬಳು ಮುಂದೆ ಬಂದಳು. "ನಮ್ಮ ಕುರಿಗೆ ಸೈತ ಒಂದೊಂದ ಹೆಸರ ಅದಾವ್ರಿ, ನನಗಿಲ್ಲಂದ್ರ ಹೆಂಗ?" ಎಂದಳು. ಹಾಗಾದರೆ ಹೇಳು ಎಂದು ರಾಯರು ಕೇಳಿದಾಗ ಮಾತ್ರ ಬಾಯಿ ಕಟ್ಟಿತು. ಅವಳದೂ ಅತ್ತೆಯದೂ ಒಂದೇ ಹೆಸರು. ಸೊಸೆಯಾದವಳು ಅತ್ತೆಯ ಹೆಸರೆತ್ತಬಾರದೆಂಬುದು ಆ ಕಾಲದ ಕಟ್ಟುನಿಟ್ಟು. ಲಗ್ನವಾಗಿ ಹದಿನೆಂಟು ವರ್ಷ, ಆ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಅತ್ತೆಯೋ, ಊರಿಗೆಲ್ಲ ಗದರುವ ಮುದುಕಿ, ಎದುರಿಗೇ ಬೇವಿನ ಬೊಡ್ಡೆಗೆ ಒರಗಿ ಕುಳಿತಿದ್ದಳು. ರಾಯರು ಗೆರೆ ಎಳೆಯಲು ಲೇಖನಿ ಎತ್ತಿದರು. ಸೊಸೆಯ ಕಣ್ಣು ತುಂಬಿತು.

ಮುದುಕಿ ಕೋಲೂರಿ ಎದ್ದಳು. "ನೀಲಗಂಗಾ," ಎಂದು ಸೊಸೆಯನ್ನು ಕರೆದಳು. "ಹೇಳ ನಿನ್ನ ಹೆಸರ, ನಾ ಏನೂ ಅನ್ನಂಗಿಲ್ಲ. ಆಮ್ಯಾಲ ನಂದೂ ಬರಸ." ಸೊಸೆ ಹೇಳಿದ ದನಿ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತೆನ್ನುತ್ತಾರೆ. ಅವರೆಲ್ಲ ಒದ್ದೆ ಸೀರೆಯಲ್ಲೇ ಬಂದು ಸಾಲು ನಿಂತರು. ಹೊತ್ತು ಮುಳುಗುವುದರೊಳಗೆ ರಾಯರ ಮಸಿ ತೀರಿತ್ತು.

ಕರಿದಿನ್ನಿಯ ಹೆಸರು ಈಗ ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಓಟಿನ ದಿನ ಬಂದವರು ಈ ರೂಢಿಯನ್ನು ಇಂದಿಗೂ ನೋಡಬಹುದು: ಅತ್ತೆಯಾದವಳು ಕಟ್ಟೆಯ ಬಳಿ ನಿಂತು ಸೊಸೆಯ ಹೆಸರು ಕೂಗಬೇಕು, ಅವಳು ಓಗೊಡಬೇಕು, ಆಮೇಲೆ ಇಬ್ಬರೂ ಶಾಲೆಯ ಮತಗಟ್ಟೆಗೆ ನಡೆಯಬೇಕು. ಕಳೆದ ಸಲ ನನ್ನ ತಾಯಿ ನನ್ನ ಹೆಂಡತಿಯ ಹೆಸರು ಕೂಗಿದಳು. ಮನೆಯಲ್ಲಿ ಅವರಿಬ್ಬರಿಗೆ ಮಾತು ಬಿಟ್ಟು ಹದಿನೈದು ದಿನವಾಗಿತ್ತು.