ಹಿಮ ಕಡಿಯುವವನ ಮನೆಯಲ್ಲಿ ಕುಲ್ಫಿ

"ಗುರುಗಳೇ, ಈ ವಿದ್ಯೆಯನ್ನು ನಿಮಗೆ ಕಲಿಸಿದವರು ಯಾರು? ಅವರಿಗೆ ಕಲಿಸಿದವರು ಯಾರು? ಎಲ್ಲರಿಗಿಂತ ಮೊದಲು ಇದನ್ನು ಕಂಡವರು ಯಾರು?" ಎಂದು ಶಿಷ್ಯನೊಬ್ಬ ಕೇಳಿದ. "ಅದು ತಿಳಿಯದೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹುಡುಕಿಕೊಂಡು ಹೋಗುತ್ತೇನೆ." ಆಗಲೇ ಅವನ ಗಂಟು ಹೆಗಲ ಮೇಲಿತ್ತು.

ಗುರುಗಳು ತಡೆಯಲಿಲ್ಲ. ಒಂದು ಕತೆ ಹೇಳಿದರು.

ಉತ್ತರದ ಒಂದು ಪಟ್ಟಣದಲ್ಲಿ ಹಾಶಿಮ್ ಎಂಬ ಕುಲ್ಫಿ ಮಾಡುವವನಿದ್ದ. ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿ, ಏಲಕ್ಕಿ ಹಾಕಿ, ಕುಡಿಕೆಗಳಿಗೆ ತುಂಬಿ, ಹಿಮ ಮತ್ತು ಉಪ್ಪಿನ ನಡುವೆ ಹೂಳುತ್ತಿದ್ದ. ಒಂದು ದಿನ ತಿನ್ನಲು ಬಂದವನೊಬ್ಬ, "ಇದನ್ನು ಮೊದಲು ಮಾಡಿದವರು ಯಾರಪ್ಪ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದ. ಅಂದಿನಿಂದ ಹಾಶಿಮನಿಗೆ ನೆಮ್ಮದಿ ಇಲ್ಲ. ಕುಲ್ಫಿ ಗಟ್ಟಿಯಾಗುವ ಮೊದಲೇ ಮುಚ್ಚಳ ತೆಗೆದು ನೋಡುವನು, ಮತ್ತೆ ಮುಚ್ಚುವನು.

"ಹಾಲು ಗಟ್ಟಿಯಾಗುವವರೆಗಾದರೂ ನಿಲ್ಲು" ಎಂದಳು ಹೆಂಡತಿ.

ಅವನು ನಿಲ್ಲಲಿಲ್ಲ. ಅಂಗಡಿಯನ್ನು ಅವಳಿಗೆ ಒಪ್ಪಿಸಿ ಹೊರಟ. ತನಗೆ ಕಲಿಸಿದವನನ್ನು ಕೇಳಿದ. ಅವನು ರಾಜಧಾನಿಯ ಅರಮನೆಯ ಅಡುಗೆಯವನ ಕಡೆ ಕೈ ತೋರಿಸಿದ. ಅಡುಗೆಯವನು ಇರಾನಿನಿಂದ ಬಂದ ಶರಬತ್ತಿನ ಮನೆತನವೊಂದನ್ನು ಹೆಸರಿಸಿದ. ಆ ಮನೆಯವರು, "ನಮ್ಮ ಹಿರಿಯರು ಹಿಮದ ಮೇಲೆ ಹಣ್ಣಿನ ರಸ ಸುರಿದು ತಿನ್ನುತ್ತಿದ್ದರು. ಹಾಲು ಸೇರಿಸಿದ್ದು ನಿಮ್ಮ ಕಡೆಯವರೇ. ಹಿಮ ಬರುವ ಬೆಟ್ಟದಲ್ಲಿ ವಿಚಾರಿಸಿ" ಎಂದರು.

ಮೂರು ವರ್ಷ ಅಲೆದ ಮೇಲೆ ಹಾಶಿಮ್ ಬೆಟ್ಟ ಹತ್ತಿದ. ಅಲ್ಲಿ ಹಿಮ ಕಡಿಯುವ ಮುದುಕನೊಬ್ಬ ಸಿಕ್ಕಿದ. ಚಳಿಗೆ ಅವನ ಎರಡು ಬೆರಳು ಹೋಗಿದ್ದವು. ಹಾಶಿಮ್ ಬಾಯಿ ತೆರೆಯುವ ಮೊದಲೇ ಮುದುಕ ಕೇಳಿದ:

"ನೀನು ಕೆಳಗಿನ ಊರಿನವನಲ್ಲವೇ? ನಮ್ಮಪ್ಪನೂ ಹಿಮ ಕಡಿದ, ನಾನೂ ಕಡಿದೆ. ಇದನ್ನು ಒಯ್ದು ಅಲ್ಲಿ ಏನು ಮಾಡುತ್ತಾರೆ?"

ಹಾಶಿಮ್ ಹೇಳಲು ಹೋದ. ಮಾತಿನಲ್ಲಿ ಹೇಳಲಾಗಲಿಲ್ಲ. ಹಾಲು ತರಿಸಿ, ಒಲೆ ಹಚ್ಚಿ, ತನ್ನ ಚೀಲದಲ್ಲಿದ್ದ ಏಲಕ್ಕಿಯನ್ನೂ ಉಪ್ಪನ್ನೂ ಹೊರತೆಗೆದ. ಆ ಮಧ್ಯಾಹ್ನ ಅವನು ಒಂದು ಸಲವೂ ಮುಚ್ಚಳ ತೆಗೆದು ನೋಡಲಿಲ್ಲ.

ಮುದುಕ ಒಂದು ತುತ್ತು ತಿಂದು ಎದ್ದುಹೋದ. ಕಣ್ಣು ಕಾಣದ ಹೆಂಡತಿಯನ್ನು ಕೈಹಿಡಿದು ಕರೆತಂದು ಅವಳ ಬಾಯಿಗಿಟ್ಟ. ಅವಳು ಬಹಳ ಹೊತ್ತು ಚಪ್ಪರಿಸಿದಳು. ಆಮೇಲೆ ಗಂಡನ ಕೈಯನ್ನು ತಡವಿ, ಬೆರಳಿಲ್ಲದ ಜಾಗವನ್ನು ಹಿಡಿದುಕೊಂಡು, "ಇದಕ್ಕಾಗಿಯೇ ಹೋದವೇ?" ಎಂದಳು. ಆ ಕೈ ಬಿಡದೆಯೇ, "ಹೋಗಲಿ. ಇನ್ನೊಂದಿಷ್ಟು ಕೊಡು" ಎಂದಳು.

ಮರುದಿನ ಬೆಳಗ್ಗೆ ಹಾಶಿಮ್ ಊರಿನ ದಾರಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಾಳಲಾರದೆ, "ಹಾಗಾದರೆ ಮೊದಲು ಮಾಡಿದವನು ಅವನಿಗೆ ಸಿಗಲೇ ಇಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಇಲ್ಲ, ಅದನ್ನು ಇನ್ನೂ ತಿನ್ನದವನು ಸಿಕ್ಕಿದ."

ಶಿಷ್ಯ ಹೆಗಲ ಮೇಲಿನ ಗಂಟನ್ನು ಕೆಳಗಿಳಿಸಿದ.